ಬೀಳದೇ ಉಳಿದ ಬಂಡೆ

ಸೇಡಂನ ನಮ್ಮ ಮನೆಯ ಪಡಸಾಲೆಗೆ ಹೋದ ತಿಂಗಳು ಹೊಸದಾಗಿ ಫರ್ಸಿ ಕಲ್ಲು ಹಾಸಿಸಿದೆ. ಕೆಲಸದವನು ಅಂಗಳದಲ್ಲಿ ನೀರು ಬಿಟ್ಟು ಕಲ್ಲು ಕೊಯ್ಯುತ್ತಿದ್ದ. ಹಸಿ ಕಲ್ಲುಪುಡಿಯ ವಾಸನೆ ಮನೆಯೊಳಗೆಲ್ಲ ತುಂಬಿ, ಹೆಂಡತಿ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ನಾನು ಮಾತ್ರ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತೆ. ಶಹಾಬಾದಿನ ಕಲ್ಲುಖಣಿ, ನನ್ನ ಇಪ್ಪತ್ತರ ವಯಸ್ಸು, ನಮ್ಮ ಮೇಸ್ತ್ರಿ... ಎಲ್ಲ ಒಟ್ಟಿಗೇ ನೆನಪಾದವು.

ಬಸ್ ಕಂಡಕ್ಟರ್ ಆಗುವ ಮೊದಲು ನಾನು ನಾಲ್ಕು ವರ್ಷ ಅಲ್ಲಿನ ಒಂದು ಖಣಿಯಲ್ಲಿ ಬಂಡೆಯಿಂದ ಫರ್ಸಿ ಎಬ್ಬಿಸುವ ಕೆಲಸ ಮಾಡಿದವನು. ಗುಂಡಗುರ್ತಿಯ ನನ್ನ ಸೋದರಮಾವ ಕರೆದೊಯ್ದು ಸೇರಿಸಿದ್ದ. ಮೇಸ್ತ್ರಿ ಸಣಕಲು ಆಳು, ಮಾತು ಕಡಿಮೆ, ಬೈಗುಳ ಜಾಸ್ತಿ. ಬೌದ್ಧ ಮನೆತನದವರು. ದಿನಾ ಬೆಳಿಗ್ಗೆ ನಮಗಿಂತ ಮೊದಲು ಒಬ್ಬರೇ ಖಣಿಗೆ ಇಳಿದು, ಚಾಚಿಕೊಂಡ ಬಂಡೆಗಳನ್ನೆಲ್ಲ ಸುತ್ತಿಗೆಯಿಂದ ಬಾರಿಸುತ್ತ ಹೋಗುತ್ತಿದ್ದರು. ಗಟ್ಟಿ ಬಂಡೆ ಖಣ್ ಎನ್ನುತ್ತದೆ. ಒಳಗೆ ಪದರು ಬಿಟ್ಟಿದ್ದರೆ ಸದ್ದು ಬೊದ್ದಾಗಿ, ಟೊಳ್ಳಾಗಿ ಕೇಳುತ್ತದೆ. ಅದನ್ನು ಕೇಳಿ ತೃಪ್ತಿಯಾದ ಮೇಲೆಯೇ ನಮಗೆ ಇಳಿಯಲು ಅಪ್ಪಣೆ.

ಒಂದು ಮಧ್ಯಾಹ್ನ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದೆವು. ಮೇಸ್ತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದರು. ಸುತ್ತಿಗೆ ತೆಗೆದುಕೊಂಡು ನಮ್ಮ ಹಿಂದಿನ ಕಲ್ಲುಗೋಡೆಗೆ ಎರಡು ಪೆಟ್ಟು ಹಾಕಿದರು.

"ಎಲ್ಲಾರೂ ಮ್ಯಾಲ ನಡೀರಿ. ಬುತ್ತಿ ಬಿಡ್ರಿ."

ನಾನು ಬುತ್ತಿಗೆ ಕೈಚಾಚಿದೆ. ಅವರು ಕೊರಳಪಟ್ಟಿ ಹಿಡಿದು ಎಳೆದರು. ಅರ್ಧ ದಾರಿ ಹತ್ತುವಷ್ಟರಲ್ಲಿ ಗೋಡೆ ಕುಸಿದು ನಾವು ಕುಳಿತಿದ್ದ ಜಾಗವೇ ಕಾಣದಾಯಿತು. ಎಲ್ಲರಿಗಿಂತ ಹಿಂದೆ, ಇನ್ನೂ ಕೆಳಗೇ ಇದ್ದ ಮಾವನ ಕಾಲಿಗೆ ಒಂದು ಗೇಣು ದೂರದಲ್ಲಿ ಬಂಡೆಗಳು ಬಂದು ನಿಂತವು.

ಮರುದಿನವೇ ಮಾವ ಆ ಗೇಣು ಜಾಗದಲ್ಲಿ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದ. ದೇವರ ಪವಾಡವೆಂದು ಸುದ್ದಿ ವಾಡಿಯವರೆಗೂ ಹಬ್ಬಿತು. ನಾನೂ ಅಡ್ಡಬಿದ್ದೆ. ಮೇಸ್ತ್ರಿಗೆ ಯಾರೂ ಒಂದು ಉಪಕಾರದ ಮಾತೂ ಹೇಳಲಿಲ್ಲ. ಅವರೂ ಎದುರು ನೋಡಿದಂತಿರಲಿಲ್ಲ, ಪ್ರಸಾದದ ಕೊಬ್ಬರಿ ಕೊಟ್ಟರೆ ತಿಂದರು.

ತೊಂದರೆ ಶುರುವಾದದ್ದು ಆಮೇಲೆ. ದೇವರ ಮುಂದೆ ನೆರಳಿತ್ತೆಂದು ಎಲ್ಲರೂ ಅಲ್ಲೇ ಉಣ್ಣಲು ಕೂರತೊಡಗಿದರು. ನೆರಳು ಬೀಳುತ್ತಿದ್ದುದು ಮೇಲೆ ಚಾಚಿದ ಇನ್ನೊಂದು ಬಂಡೆಯಿಂದ. ಮೇಸ್ತ್ರಿ ಅದನ್ನು ಬಾರಿಸಿದರು, ಮುಖ ಕಪ್ಪಿಟ್ಟಿತು. ಕೆಡವಿಸೋಣವೆಂದರೆ ದೇವರ ಮೇಲೆ ಬೀಳುತ್ತದೆಂದು ಒಬ್ಬರೂ ಹಾರೆ ಮುಟ್ಟಲಿಲ್ಲ.

"ಇಲ್ಲಿ ಕುಂದರಬ್ಯಾಡ್ರಿ, ಪದರು ಬಿಟ್ಟದ," ಎಂದರು ಮೇಸ್ತ್ರಿ.

"ದೇವರ ಮುಂದ ಕುಂತೀವ್ರಿ, ಏನಾಗಲ್ಲ," ಎಂದ ಮಾವ. "ಅವತ್ತ ನೀವು ಕರದ್ರಿ, ಖರೇ ಅದ. ಗೇಣು ದೂರ ಕಲ್ಲು ನಿಲ್ಲಿಸ್ದಾವ ಯಾರು, ಹೇಳ್ರಿ?"

"ಇಳಿಜಾರು ಮುಗದಿತ್ತು, ನಿಂತಾವ. ಹೋದ ವರ್ಷ ಬಾಜು ಖಣಿಯಾಗ ಇಬ್ಬರು ಸತ್ರಲ್ಲ, ಅವತ್ತ ನಿನ್ನ ದೇವರು ಎಲ್ಲಿಗಿ ಹೋಗಿದ್ದ?"

ಮಾವ ರೊಟ್ಟಿ ಮಡಚಿಟ್ಟು ಎದ್ದುಹೋದ. ಸತ್ತವರಲ್ಲಿ ಒಬ್ಬ ಅವನ ಜೀವದ ಗೆಳೆಯ. ಮೂರು ದಿನ ಇಬ್ಬರ ನಡುವೆ ಮಾತಿಲ್ಲ. ಹಠಕ್ಕೆ ಬಿದ್ದ ಮಾವ ಉಂಡಾದ ಮೇಲೆ ಆ ಬಂಡೆಯ ಕೆಳಗೇ ಟವೆಲ್ ಹಾಸಿ ಮಲಗತೊಡಗಿದ. ಅವನು ಏಳುವ ತನಕ ಮೇಸ್ತ್ರಿ ಬಂಡೆಯನ್ನೇ ನೋಡುತ್ತ ನಿಂತಿರುತ್ತಿದ್ದರು. ಅವರ ಬುತ್ತಿ ಹಾಗೆಯೇ ಮನೆಗೆ ಹಿಂದಿರುಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಕಾಯಿ, ಊದುಬತ್ತಿ ಹಿಡಿದು ನಮ್ಮ ಕೋಣೆಗೇ ಬಂದರು.

"ಆ ಮಾತು ಆಡಬಾರದಿತ್ತು, ನಂದು ತಪ್ಪದ," ಎಂದು ಮಾವನ ಮುಂದೆ ಕುಳಿತರು. "ದೇವರಿಗಿ ಮ್ಯಾಲ ಬೇವಿನ ಗಿಡದ ಬುಡಕ ಕುಂದರ್ಸು. ಖಣಿಗಿ ಇಳಿಯೋರಿಗೆಲ್ಲ ಮೊದ್ಲು ದರ್ಶನ ಆಗ್ತದ."

ಮಾವ ಚಪ್ಪಲಿ ಬಿಟ್ಟು ಹೊರಟ. ದೇವರನ್ನು ಮಾವ ಎದೆಗವಚಿಕೊಂಡ, ಮೇಸ್ತ್ರಿ ಬರಿಗಾಲಲ್ಲಿ ಮುಂದೆ ನಡೆಯುತ್ತ ದಾರಿಯ ಚೂರುಕಲ್ಲು ಸರಿಸಿದರು. ಅವತ್ತಿನಿಂದ ನಮ್ಮ ಬುತ್ತಿಗಳೂ ದೇವರ ಬೆನ್ನಿಗೇ ಗಿಡದ ಕೆಳಗೆ ಬಂದವು.

"ನೀವು ನಂಬಲ್ಲಲ್ರಿ, ಮತ್ಯಾಕ ಕಾಯಿ ತಂದ್ರಿ?" ಎಂದು ನಾನು ಕೇಳಿದೆ.

"ನಿಮ್ಮ ಮಾವ ನಂಬ್ತಾನಲ್ಲ. ಅವನ ನಂಬಿಕಿ ಎಲ್ಲಿರ್ತದ, ಅವ ಅಲ್ಲೇ ಕುಂದರ್ತಾನ. ನನಗ ಅವ ಬೇಕು."

ಬಹಳ ದಿನದಿಂದ ಒಳಗೇ ಇದ್ದ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಟ್ಟೆ. ದಿನಾ ಮುಂಜಾನೆ ಮಾತ್ರ ಬಾರಿಸುತ್ತಿದ್ದವರು ಅವತ್ತು ಉಣ್ಣುವ ಹೊತ್ತಿನಲ್ಲಿ ಎದ್ದದ್ದು ಯಾಕೆ? ಅವರು ಹಚ್ಚಬೇಕೆಂದಿದ್ದ ಬೀಡಿ ಹಚ್ಚಲಿಲ್ಲ.

"ಗೊತ್ತಿಲ್ಲ ತಮ್ಮಾ. ನಾನೂ ಭಾಳ ವಿಚಾರ ಮಾಡೀನಿ... ಗೊತ್ತಿಲ್ದಿದ್ದಕ್ಕ ದೇವರು ಅಂತ ಹೆಸರಿಡ್ಲಿಕ್ಕ ನನಗ ಬರಲ್ಲ. ಹಂಗಂತ ಅದು ನಂದೇ ಶಾಣ್ಯಾತನ ಅಂತನೂ ಹೇಳಂಗಿಲ್ಲ."

ಮುಂದೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಪವಾಡದ ಮೇಲಿನ ಎಷ್ಟೋ ವಾದ ಕೇಳಿದ್ದೇನೆ. ದೇವರು ಮನಸ್ಸು ಮಾಡಿದರೆ ಯಾವ ನಿಯಮವನ್ನೂ ಮುರಿಯುತ್ತಾನೆ ಎನ್ನುವವರು, ಎಲ್ಲ ಕಾಕತಾಳೀಯ ಎನ್ನುವವರು, ಇಬ್ಬರೂ ಇಳಿಯುವ ಸ್ಟಾಪು ಮರೆಯುವಷ್ಟು ಕೂಗಾಡುತ್ತಾರೆ. ಗೊತ್ತಿಲ್ಲ ಎಂದವರು ನನಗೆ ಸಿಕ್ಕಿದ್ದು ಮೇಸ್ತ್ರಿ ಒಬ್ಬರೇ.

ಇನ್ನೊಂದು ಹೇಳಬೇಕು. ನೆರಳು ಕೊಡುತ್ತಿದ್ದ ಆ ಬಂಡೆ ಬೀಳಲೇ ಇಲ್ಲ. ಕೆಲಸ ಬೇರೆ ಬದಿಗೆ ಸರಿಯಿತು, ಎರಡು ಮಳೆಗಾಲ ಕಳೆದವು, ಬಂಡೆ ಅಲ್ಲೇ ಇತ್ತು. ಅದನ್ನು ಕಂಡಾಗಲೆಲ್ಲ ಮಾವ ಮೇಸ್ತ್ರಿಯನ್ನು ಕಾಡಿಸುತ್ತಿದ್ದ.

"ನಾ ಸುಳ್ಳಾದ್ರ ಆಗ್ಲಿ ಬಿಡು," ಎನ್ನುತ್ತಿದ್ದರು ಮೇಸ್ತ್ರಿ. "ದಿನಾ ಹಿಂಗೇ ಸುಳ್ಳಾಗಬೇಕು ನೋಡು ನಾನು."

ಫರ್ಸಿ ಹಾಸಿ ಮುಗಿದ ಮರುವಾರ ನಾನು ಮೇಸ್ತ್ರಿಯನ್ನು ನೋಡಲೆಂದು ಮಾವನನ್ನೂ ಕರೆದುಕೊಂಡು ಶಹಾಬಾದಿಗೆ ಹೋದೆ. ಇಷ್ಟು ವರ್ಷ ನನ್ನ ಬಸ್ಸು ಆ ಊರಿನ ಮೇಲೆಯೇ ಹಾಯ್ದಿದೆ, ಒಂದು ದಿನವೂ ಇಳಿದಿರಲಿಲ್ಲ. ನಾಚಿಕೆಯಾಗುತ್ತದೆ. ಬಾಗಿಲು ತೆರೆದ ಅವರ ಹೆಂಡತಿ ನಮ್ಮನ್ನು ಕೂರಿಸಿ ನೀರು ಕೊಟ್ಟು, ಅವರು ತೀರಿಕೊಂಡು ಆರು ತಿಂಗಳಾಯಿತು ಎಂದರು. ನಾನು ತಲೆ ತಗ್ಗಿಸಿ, ನಿಮ್ಮ ಮನೆಯವರು ಎಳೆದುಕೊಂಡು ಬಂದದ್ದಕ್ಕೆ ಬದುಕಿದವನು ನಾನು ಎಂದೆ. ಮೇಸ್ತ್ರಿಯ ಮುಂದೆ ಒಮ್ಮೆಯೂ ಆಡದಿದ್ದ ಮಾತು ಇಷ್ಟು ಸಣ್ಣದಾಗಿತ್ತು.

ಮಾವ ಕಣ್ಣೊರೆಸಿಕೊಂಡ.

"ಅವತ್ತ ದೇವರೇ ಅವರ ಕೈಲಿಂದ ಸುತ್ತಿಗಿ ಹೊಡಿಸ್ಯಾನವ್ವ. ನನಗ ಮೊದ್ಲೇ ಗೊತ್ತಿತ್ತು. ಹೇಳಿದ್ರ ಬೈತಾರಂತ ಹೇಳಿದ್ದಿಲ್ಲ."

ಆ ತಾಯಿ ಸ್ವಲ್ಪ ನಕ್ಕರು.

"ಅವರಿದ್ದಾಗ ಬಂದು ಹೇಳಬೇಕಿತ್ತು ಅಣ್ಣಾ. ಜಗಳಾಡ್ಲಿಕ್ಕ ಒಬ್ಬರೂ ಬರಲ್ಲ ಅಂತಿದ್ರು."