ಅಕ್ಕನ ಹಲ್ಲಿನ ಸೆಟ್

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಮಾಡಿಕೊಡುವ ಆಕೆಗೆ ಜನ ಇಟ್ಟ ಹೆಸರು ಸೆಟ್ಟಮ್ಮ. ಇದರಲ್ಲಿ ಜನರ ತಪ್ಪೇನೂ ಇಲ್ಲ. ಬೆಳಿಗ್ಗೆ ಅಲಾರಂ ಸೆಟ್ ಮಾಡಿಕೊಂಡು ಎದ್ದಳೆಂದರೆ ಆ ಒಂದು ಪದವನ್ನು ಆಕೆ ದಿನವಿಡೀ ಬಿಡುವಿಲ್ಲದೆ ದುಡಿಸುತ್ತಿದ್ದಳು. ಅಚ್ಚಿಗೆ ಹುಯ್ದ ಪ್ಲಾಸ್ಟರ್ ಗಟ್ಟಿಯಾದರೆ ಸೆಟ್ ಆಯಿತು. ಮಾಡಿಟ್ಟ ಹಲ್ಲೂ ಸೆಟ್ಟೇ. ಮನೆಗೆ ಹೋದರೆ ಸೋಫಾ ಸೆಟ್ಟು. ನಾದಿನಿಗೂ ತನಗೂ ಜನ್ಮದಲ್ಲಿ ಸೆಟ್ ಆಗುವುದಿಲ್ಲ, ಆದರೂ ಆ ನಾದಿನಿಯ ಮಗಳಿಗೆ ಗಂಡು ಸೆಟ್ ಮಾಡಿಕೊಟ್ಟವಳು ತಾನೇ! ಇಂಗ್ಲಿಷಿನವರು ಈ ಪದವನ್ನು ಯಾವ ಕೆಲಸಕ್ಕೆಂದು ಹುಟ್ಟಿಸಿದರೋ, ಸೆಟ್ಟಮ್ಮನ ಬಾಯಿಗೆ ಬಿದ್ದ ಮೇಲೆ ಅದಕ್ಕೆ ಭಾನುವಾರದ ರಜೆಯೂ ಇರಲಿಲ್ಲ.

ಅದನ್ನು ಅವಳಿಗಿಂತ ಜೋರಾಗಿ ಹೇಳುತ್ತಿದ್ದವಳು ಅವಳ ಅಕ್ಕ ಒಬ್ಬಳೇ. ಹೊಟ್ಟೆಪಾಡಿಗೆ ಅಕ್ಕನಿಗೊಂದು ಹೊಲಿಗೆ ಅಂಗಡಿ ಇತ್ತು, ಆದರೆ ಜೀವವಿದ್ದದ್ದು ಮೈಕಿನಲ್ಲಿ. ಆಸ್ಪತ್ರೆಯ ಎದುರಿನ ಮೈದಾನದಲ್ಲಿ ವಾಲಿಬಾಲ್ ಪಂದ್ಯ ಅಂದರೆ ಮೈಕ್ ಸೆಟ್ಟಿನ ಮುಂದೆ ಅಕ್ಕನೇ ಕೂರಬೇಕು. "ಮೊದಲನೇ ಸೆಟ್ಟೂ..." ಎಂದು ಆಕೆ ರಾಗ ಎಳೆದರೆ ಬೀದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕಿವಿಗೊಡುತ್ತಿದ್ದರು.

ಹೀಗಿರುವಾಗ ಒಂದು ದಿನ ಯಾರೋ ಪುಣ್ಯಾತ್ಮ ಹೊಡೆದ ಸ್ಮ್ಯಾಶ್ ಅಂಕಣ ದಾಟಿ ಬಂದು ಮೈಕಿಗೆ ಬಡಿಯಿತು. ಮೈಕ್ ಅಕ್ಕನ ಬಾಯಿಗೆ ಬಡಿಯಿತು. ಮುಂದಿನ ನಾಲ್ಕು ಹಲ್ಲು ಮಣ್ಣುಪಾಲು! ಅಂದಿನಿಂದ ಅಕ್ಕನ ಬಾಯಿಗೆ ಬೀಗ ಬಿತ್ತು. ಅಂಗಡಿಗೆ ಬಂದವರ ಹತ್ತಿರವೂ ಕೈಸನ್ನೆ. ಮೈಕ್ ಹಿಡಿದ ಕ್ಲಬ್ಬಿನ ಕಾರ್ಯದರ್ಶಿ ಕರೆಂಟ್ ಬಿಲ್ ಓದಿದ ಹಾಗೆ ಅಂಕ ಓದತೊಡಗಿದರು, ಜನ ಆಕಳಿಸತೊಡಗಿದರು.

ಇವತ್ತು ಫೈನಲ್. ಹೊಸ ಹಲ್ಲು ತಯಾರಾಗಿತ್ತು.

"ಇವತ್ತೂ ಆಗ್ಲಿಲ್ಲ ಅಂದ್ರೆ ಆ ಮೈಕ್ ಕಾರ್ಯದರ್ಶಿಗೇ ಬಿಟ್ಬಿಡ್ತೀನಿ ಕಣೇ," ಎಂದಳು ಅಕ್ಕ, ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು. "ಇನ್ನು ಕಾಯೋ ಶಕ್ತಿ ನನಗಿಲ್ಲ."

ಹಲ್ಲು ಕೂತಿತು. ಡಾಕ್ಟರು ನೋಡಿ ಭೇಷ್ ಎಂದು ಮುಂದಿನ ರೋಗಿಯ ಕಡೆ ಹೋದರು. ಅಕ್ಕ ಕನ್ನಡಿ ಹಿಡಿದವಳು ಇಳಿಸಲೇ ಇಲ್ಲ. ಆದರೆ ಸೆಟ್ಟಮ್ಮನದೊಂದು ಪದ್ಧತಿ ಇತ್ತು. ಹೊಸ ಹಲ್ಲು ಹಾಕಿಕೊಂಡವರ ಹತ್ತಿರ ಆಕೆ ಜಗಳ ತೆಗೆಯುತ್ತಿದ್ದಳು. ಕನ್ನಡಿ ಮುಂದೆ ಎಲ್ಲರೂ ಜೋಪಾನವಾಗಿ ಮಾತಾಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಬಾಯಲ್ಲಿ ಹಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ, ಆಗ ಗೊತ್ತಾಗುತ್ತದೆ ಕೂತಿದೆಯೋ ಇಲ್ಲವೋ ಎಂದು. ಸೆಟ್ ಗಟ್ಟಿ ಮಾಡುವ ಮೊದಲು ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವ ದಿನವೇ ಈ ಜಗಳ ಆಗಬೇಕಿತ್ತು. ಅವತ್ತು ಅಕ್ಕ ಕನ್ನಡಿ ನೋಡಿ ಅತ್ತುಬಿಟ್ಟಿದ್ದಳು, ತಂಗಿಯೂ ಅತ್ತು, ಜಗಳ ತಪ್ಪಿಹೋಗಿತ್ತು.

"ನನ್ನ ನೀಲಿ ರವಿಕೆ ಕೆಡಿಸಿದ್ದು ನೀನೇ," ಎಂದಳು ಸೆಟ್ಟಮ್ಮ.

"ನಾನಾ? ದಪ್ಪ ಆಗಿದ್ದು ನೀನು, ತಪ್ಪು ನನ್ನ ಸೂಜಿದಾ? ಸುಮ್ಮಸುಮ್ಮನೆ ಏನೇನೋ ಹೇಳ್ಬೇಡ!"

ಹಲ್ಲು ಜಪ್ಪಯ್ಯ ಅನ್ನಲಿಲ್ಲ. ಮಾತು ಗಾಜಿನಷ್ಟು ಸ್ವಚ್ಛ. ಆದರೆ ಕಣ್ಣು ಮುಚ್ಚಿ ಕೇಳಿದ ಸೆಟ್ಟಮ್ಮನಿಗೆ ಮೈ ಜುಮ್ಮೆಂದಿತು. ಎದುರಿಗೆ ಯಾರೋ ಬೇರೆ ಹೆಂಗಸು ಮಾತಾಡುತ್ತಿದ್ದಳು.

ಅಕ್ಕನ ಮುಂದಿನ ಎರಡು ಹಲ್ಲುಗಳ ನಡುವೆ ಚಿಕ್ಕಂದಿನಿಂದ ಒಂದು ಸಂದಿ ಇತ್ತು. ಮಾತಾಡುವಾಗ ಗಾಳಿ ಅದರಲ್ಲಿ ನುಸುಳಿ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಅಕ್ಕನಿಗೆ ಉಡುಗೊರೆ ಕೊಡುವ ಹುರುಪಿನಲ್ಲಿ ತಂಗಿ ಆ ಸಂದಿಯನ್ನು ಮುಚ್ಚಿ, ಮುತ್ತು ಪೋಣಿಸಿದ ಹಾಗೆ ನಾಲ್ಕನ್ನೂ ಜೋಡಿಸಿದ್ದಳು. ಅಷ್ಟು ಚೆಂದದ ಕೆಲಸ ಆಕೆ ಹಿಂದೆ ಮಾಡಿರಲಿಲ್ಲ.

"ಅಕ್ಕಾ, ಸಂದಿ ಬಿಡಿಸಿಬಿಡ್ಲಾ?"

"ಕೈ ಮುರೀತೀನಿ! ಶಾಲೆಯಿಂದ ಆಡ್ಕೊಂಡಿದಾರೆ ಆ ಸಂದಿ ನೋಡಿ. ಈಗ ದೇವರು ಕಣ್ಣು ಬಿಟ್ಟಿದಾನೆ, ನೀನು ಮುಚ್ಚಬೇಡ." ಈ ಸಲ ಜಗಳ ನಿಜದ್ದೇ ಆಗಿತ್ತು. ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಮೈದಾನಕ್ಕೆ ಹೊರಟೇಬಿಟ್ಟಳು. ತಂಗಿ ಹಲ್ಲು ಕೊರೆದು ಉಜ್ಜುವ ಕೈಮೋಟಾರಿನ ಚೀಲ ಎತ್ತಿಕೊಂಡು ಹಿಂದೆಯೇ ಓಡಿದಳು.

ಮೈದಾನ ಕಿಕ್ಕಿರಿದಿತ್ತು. ಅಕ್ಕ ಮೈಕ್ ಹಿಡಿದು, "ಹಲೋ, ಎಲ್ಲರಿಗೂ ನಮಸ್ಕಾರ, ಮೊದಲನೇ ಸೆಟ್ಟೂ ಇನ್ನೇನು ಶುರು!" ಎಂದಳು. ಒಂದು ತಲೆಯೂ ಈ ಕಡೆ ತಿರುಗಲಿಲ್ಲ. ಮೊದಲಾಗಿದ್ದರೆ ಆ ನಮಸ್ಕಾರಕ್ಕೇ ಚಪ್ಪಾಳೆ ಬೀಳುತ್ತಿತ್ತು. ಈಗ ಜನ ತಮ್ಮ ಪಾಡಿಗೆ ಹರಟುತ್ತಿದ್ದರು. ದೂರದ ಮೂಲೆಯಿಂದ ಯಾರೋ, "ಅಕ್ಕನ್ನ ಕರೀರಪ್ಪಾ!" ಎಂದು ಕೂಗಿದರು.

ಅಕ್ಕನ ಮುಖ ಬಿಳಿಚಿಕೊಂಡಿತು. ಮೈಕ್ ಕೆಳಗಿಟ್ಟು, ಮುತ್ತಿನಂಥ ಆ ಹಲ್ಲುಗಳನ್ನು ಕಿತ್ತು ತಂಗಿಯ ಅಂಗೈಗೆ ಹಾಕಿ, ತೊದಲುತ್ತಾ, "ಕೊರಿ, ಬೇಗ!" ಎಂದಳು.

ಮೈಕ್ ಸೆಟ್ಟಿನ ಪಕ್ಕದ ಪ್ಲಗ್ಗಿಗೆ ಕೈಮೋಟಾರು ಸಿಕ್ಕಿಸಿ, ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೆಟ್ಟಮ್ಮ ಕಾಗದದಷ್ಟು ತೆಳ್ಳನೆಯ ಚಕ್ರವನ್ನು ಎರಡು ಹಲ್ಲುಗಳ ನಡುವೆ ಇಳಿಸಿದಳು. ಒಂದು ಕೂದಲೆಳೆ ಹೆಚ್ಚಾದರೆ ಸಿಳ್ಳೆಯ ಬದಲು ಪೀಪಿ! ತನ್ನ ಕೈಯಾರೆ ಮಾಡಿದ ಚೆಲುವು ಬಿಳಿ ಪುಡಿಯಾಗಿ ಮಡಿಲಿಗೆ ಉದುರಿತು. ಉಜ್ಜಿ, ನಯಮಾಡಿ, ಬಾಟಲಿಯ ನೀರಲ್ಲಿ ತೊಳೆದು ಕೊಟ್ಟಳು. ಅಷ್ಟರಲ್ಲಿ ಆಟಗಾರರು ಅಂಕಣಕ್ಕೆ ಇಳಿದಿದ್ದರು.

"ಮೊದಲನೇ ಸ್ಸೆಟ್ಟೂ..."

ಇಡೀ ಮೈದಾನ ಎದ್ದು ನಿಂತಿತು! ಸಿಳ್ಳೆ, ಕೇಕೆ, ಚಪ್ಪಾಳೆ. ಅಕ್ಕ ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ಸರ್ವಿಸ್ ಹಾಳು ಮಾಡಿದವನನ್ನು ಬೈದಳು, ಬಿದ್ದು ಚೆಂಡು ಎತ್ತಿದವನನ್ನು ಮುದ್ದಾಡಿದಳು, ಅಂಪೈರನ್ನೂ ಬಿಡಲಿಲ್ಲ. ಒಂದು ಸೆಟ್ ಇವರದು, ಒಂದು ಅವರದು, ಕೊನೆಗೆ ಐದನೇ ಸೆಟ್ಟಿಗೆ ಬಂದು ನಿಂತಾಗ ಆಟಗಾರರಿಗಿಂತ ಜನವೇ ಬೆವತಿದ್ದರು.

ಸೆಟ್ಟಮ್ಮ ಗುಂಪಿನಲ್ಲಿ ತುದಿಗಾಲಲ್ಲಿ ನಿಂತು ಸುತ್ತಲಿನ ಮುಖಗಳನ್ನೇ ನೋಡುತ್ತಿದ್ದಳು. ಯಾರಾದರೂ ಹಲ್ಲಿನ ಮಾತೆತ್ತುತ್ತಾರೆಯೇ? ಒಬ್ಬರೂ ಎತ್ತಲಿಲ್ಲ. ಪಕ್ಕದಲ್ಲಿದ್ದ ಯಾವನೋ ಅಪರಿಚಿತ ಮೈಕಿನ ಕಡೆ ನೋಡಿ, "ಇಷ್ಟು ದಿನ ಎಲ್ಲಿಗೆ ಹೋಗಿದ್ರು ಇವ್ರು? ಊರಲ್ಲೇ ಇರ್ಲಿಲ್ವೇನೋ," ಎಂದ.

ಹಿಗ್ಗಿ ಹೀರೇಕಾಯಿಯಾದ ಸೆಟ್ಟಮ್ಮ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಕೂಗಿದಳು: "ಹೌದು ಕಣಪ್ಪಾ, ಇರ್ಲಿಲ್ಲ! ಇವತ್ತೇ ಬಂದ್ಲು!"