ಮೊಣಕೈ ತೋರಿಸಲು ಹೋಗಿ ಬಾಯಿ ತೆರೆದೆ

ಸೋರಿಯಾಸಿಸ್‌ನಿಂದ ಹೊಟ್ಟು ಉದುರುತ್ತಿದ್ದ ಮೊಣಕೈ ತೋರಿಸಿದರೆ ಕೋಲಾರದ ಚರ್ಮವೈದ್ಯರು "ಬಾಯಿ ತೆಗೀರಿ" ಎಂದರು. ವಸಡಿನಲ್ಲಿ ರಕ್ತ ಕಂಡು, "ಇವೆರಡೂ ಜೊತೆಗಿರೋದುಂಟು, ಹಲ್ಲಿನ ಡಾಕ್ಟ್ರಿಗೂ ತೋರ್ಸಿ" ಎಂದು ಚೀಟಿ ಬರೆದರು. ಹಲ್ಲಿನ ಡಾಕ್ಟರು ಇವರ ಭಾವಮೈದುನನೇ ಇರಬೇಕೆಂದು ನನಗೆ ಅನುಮಾನ.

"ಹಲ್ಲು ಯಾತರಲ್ಲಿ ಉಜ್ತೀರಾ?" ಎಂದು ಚೀಟಿ ಕೊಡುತ್ತಾ ಚರ್ಮವೈದ್ಯರೇ ಕೇಳಿದರು.

"ಇಟ್ಟಿಗೆ ಪುಡಿ ಸಾರ್. ನಮ್ಮ ಮಾಲೂರಿನ ಇಟ್ಟಿಗೆ ಗೂಡಿಂದೇ, ಕಲಬೆರಕೆ ಇಲ್ಲ." ಪೇಸ್ಟನ್ನೂ ನಾನು ನಂಬುವವನಲ್ಲ.

"ಗೋಡೆ ಕಟ್ಟೋದನ್ನ ಬಾಯಿಗೆ ಹಾಕ್ಕೊಂಡ್ರೆ ವಸಡು ಏನಾಗ್ಬೇಕ್ರೀ?"

"ವಸಡು ಸರಿಹೋದ್ರೆ ಕೈನೂ ವಾಸಿ ಆಗುತ್ತಾ?" ಎಂದೆ.

"ಗ್ಯಾರಂಟಿ ಹೇಳಕ್ಕಾಗಲ್ಲ. ನಾನು ಬರ್ದಿರೋ ಮುಲಾಮು ಹಚ್ತಾನೇ ಇರಿ."

ಗ್ಯಾರಂಟಿ ಕೊಟ್ಟವರ ಎಣ್ಣೆಗಳನ್ನು ಎರಡು ವರ್ಷ ಹಚ್ಚಿಕೊಂಡಿದ್ದ ನನಗೆ ಆ ಮಾತಿನಿಂದಲೇ ನಂಬಿಕೆ ಹುಟ್ಟಿತು. ಪುಡಿ ಬಿಟ್ಟೆ, ವಸಡಿಗೆ ಚಿಕಿತ್ಸೆ ಮಾಡಿಸಿದೆ, ರಕ್ತ ನಿಂತಿತು. ಮೊಣಕೈಯೂ ಈಗ ತಣ್ಣಗಿದೆ. ವಸಡಿನಿಂದಲೋ ಮುಲಾಮಿನಿಂದಲೋ ಎಂದು ಇದೊಂದು ವಿಷಯದಲ್ಲಿ ಮಾತ್ರ ನಾನು ವಿಚಾರಣೆ ನಡೆಸಿಲ್ಲ.