ಗೇಟಿನ ಹತ್ತಿರ ಕೊಟ್ಟ ಟ್ಯಾಂಕು

ಮದುವೆ, ಗೃಹಪ್ರವೇಶಗಳಿಗೆ ಎಲ್ಲರೂ ಸ್ಟೀಲ್ ಪಾತ್ರೆಯನ್ನೋ ಗೋಡೆ ಗಡಿಯಾರವನ್ನೋ ತೆಗೆದುಕೊಂಡು ಹೋದರೆ, ನಾನು ಮಿಲಿಟರಿ ಜೀಪು ತೆಗೆದುಕೊಂಡು ಹೋಗುತ್ತೇನೆ. ಅಂಗೈ ಮೇಲೆ ಕೂರುವಂಥದ್ದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಾನೇ ಮಾಡಿದ್ದು. ನಿಜವಾದ ಗಾಡಿಯ ಮೂವತ್ತೈದರಲ್ಲಿ ಒಂದು ಪಾಲಿನ ಅಳತೆ. "ಗೃಹಪ್ರವೇಶಕ್ಕೆ ಯಾರಾದ್ರೂ ಫಿರಂಗಿ ಕೊಡ್ತಾರೇನ್ರೀ" ಎಂದು ನನ್ನ ಹೆಂಡತಿ ಮೊದಮೊದಲು ತಲೆ ಚಚ್ಚಿಕೊಳ್ಳುತ್ತಿದ್ದಳು. ಈಗ ಅವಳೇ ನೆಂಟರಿಗೆ ಫೋನ್ ಮಾಡಿ, ಷೋಕೇಸಿನಲ್ಲಿ ಜಾಗ ಮಾಡಿಟ್ಟುಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತಾಳೆ.

ನನ್ನ ಭಾವಮೈದ ನಾನು ಕೊಟ್ಟ ಲಾರಿಯ ಹಿಂಭಾಗದಲ್ಲಿ ಪೆನ್ನು ಹಾಕಿಡುತ್ತಾನೆ. ನಾದಿನಿ ಧೂಳಾಯಿತೆಂದು ಯುದ್ಧವಿಮಾನವನ್ನು ನಲ್ಲಿಯ ಕೆಳಗೆ ಹಿಡಿದು ಪಾತ್ರೆ ಉಜ್ಜಿದ ಹಾಗೆ ಉಜ್ಜಿ, ರೆಕ್ಕೆ ಮುರಿದುಕೊಂಡು ಅತ್ತಳು. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುವುದು ನಿಜ. ಆದರೆ ಇಂಥದ್ದಕ್ಕೆಲ್ಲ ನಾನು ಸಿಟ್ಟಾದವನಲ್ಲ. ಕೊಟ್ಟ ಮೇಲೆ ಅದು ಅವರದು. ಅದಕ್ಕೇ ಯಾವುದರ ಮೇಲೂ ನನ್ನ ಹೆಸರು ಬರೆಯುವುದಿಲ್ಲ. ಅಡಿಯ ಮರದ ಹಲಗೆಯ ಕೆಳಗೆ, ಯಾರಿಗೆ ಕೊಡುತ್ತೇನೋ ಅವರ ಹೆಸರು ಮಾತ್ರ ಇರುತ್ತದೆ. ಇದೊಂದು ದೊಡ್ಡ ಗುಣವೆಂದು ಒಳಗೊಳಗೇ ಬೀಗುತ್ತಿದ್ದೆ. ಈಗ ಶುದ್ಧ ಪೆದ್ದುತನ ಅನ್ನಿಸುತ್ತದೆ.

ಈ ಹುಚ್ಚು ಹಿಡಿಸಿದವರು ನನ್ನ ಗೆಳೆಯನ ತಂದೆ. ಸೈನ್ಯದಲ್ಲಿ ಟ್ಯಾಂಕು ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ ಬಂದು, ಮೇಟಗಳ್ಳಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟಿದ್ದರು. ಗೆಳೆಯನ ಹಾಗೆ ನಾನೂ ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದೆ. ನನ್ನ ತಂದೆ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದರು. ಹಾಗೆ ಕರೆಯಲು ನನಗೆ ಬೇರೆ ಯಾರೂ ಇರಲಿಲ್ಲ.

ಐಟಿಐ ಮುಗಿಸಿ ಬಂದ ನಮ್ಮಿಬ್ಬರನ್ನೂ ಅವರು ಒಟ್ಟಿಗೇ ನಿಲ್ಲಿಸಿಕೊಂಡು, ಕೈಗೆ ಒಂದೊಂದು ಅರ, ಒಂದೊಂದು ಕಬ್ಬಿಣದ ತುಂಡು ಕೊಟ್ಟು, ಉಜ್ಜಿ ಉಜ್ಜಿ ಚೌಕ ಮಾಡಿ ಎಂದರು. ನನ್ನದು ಐದನೇ ದಿನಕ್ಕೆ ಚೌಕವಾಯಿತು. ಗೆಳೆಯನದು ತಿಂಗಳಾದರೂ ಆಗಲಿಲ್ಲ. "ಇವನಿಗೆ ದೇವ್ರು ಬೆರಳು ಕೊಟ್ಟಿರೋದು ಅನ್ನ ಕಲಸಕ್ಕೆ ಮಾತ್ರ ಕಣ್ಲಾ" ಎಂದು ಅಪ್ಪಾಜಿ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವನು ಆಮೇಲೆ ಒಂದು ಆಫೀಸಿನಲ್ಲಿ ಗುಮಾಸ್ತನಾದ. ನಾನು ಮೇಟಗಳ್ಳಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಉಳಿದೆ.

ಮುಂದೆ ಮೂವತ್ತು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ, ಜಯಲಕ್ಷ್ಮಿಪುರದ ಅವರ ಮನೆಗೆ ಹೋಗಿದ್ದೇನೆ. ಹೊಸದಾಗಿ ಮಾಡಿದ್ದನ್ನು ಯಾರಿಗೇ ಕೊಡಬೇಕಿದ್ದರೂ ಮೊದಲು ಅಪ್ಪಾಜಿಗೆ ತೋರಿಸಬೇಕು. ಕೊನೆಕೊನೆಗೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿತು. ಆಮೇಲೆ ಬೆರಳಿನಲ್ಲೇ ನೋಡುತ್ತಿದ್ದರು. "ಇಲ್ಲಿ ಅಂಟು ಉಬ್ಬಿದೆ", "ಈ ಬಾಗಿಲು ಸೊಟ್ಟ" ಎಂದು ಕಣ್ಣಿದ್ದವರಿಗೂ ಕಾಣದ್ದನ್ನು ಹಿಡಿಯುತ್ತಿದ್ದರು. ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆಯೆಂದರೆ "ಪರ್ವಾಗಿಲ್ಲ". ನನಗೆ ಒಂದೇ ಒಂದು ಸಲ ಅವರಿಂದ ಭೇಷ್ ಅನ್ನಿಸಿಕೊಳ್ಳಬೇಕಿತ್ತು. ಐವತ್ತು ದಾಟಿದ ಮನುಷ್ಯನಿಗೆ ಇದೆಂಥ ಆಸೆ ಎಂದರೆ ಎನ್ನಿ.

ಅದಕ್ಕಾಗಿ ವಿಜಯಂತ ಟ್ಯಾಂಕು ಮಾಡಲು ಕೂತೆ. ಅಪ್ಪಾಜಿ ತಮ್ಮ ವಯಸ್ಸೆಲ್ಲ ಸವೆಸಿದ್ದು ಅದರ ಹೊಟ್ಟೆಯ ಕೆಳಗೆ. ಬಿಡಿಭಾಗಗಳನ್ನು ತೆಗೆದು ಜೋಡಿಸಿದರಾಯಿತು ಎನ್ನುವಂಥ ರೆಡಿಮೇಡ್ ಡಬ್ಬಿ ಅದರದ್ದು ಎಲ್ಲೂ ಸಿಗಲಿಲ್ಲ. ಫೋಟೋ ನೋಡಿಕೊಂಡು, ಅವರು ಭಾನುವಾರಗಳಲ್ಲಿ ಹೇಳಿದ್ದನ್ನು ನೆನಪಿಸಿಕೊಂಡು ಪ್ರತಿಯೊಂದನ್ನೂ ಕೈಯಲ್ಲೇ ಮಾಡಿದೆ. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಸೂಪರ್‌ವೈಸರ್ ಕಣ್ಣು ತಪ್ಪಿಸಿ, ಹಿತ್ತಾಳೆ ಸರಳನ್ನು ಲೇತ್‌ಗೆ ಕಟ್ಟಿ ಅದರ ತೋಪಿನ ನಳಿಗೆ ತೆಗೆದೆ. ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಪ್ಪಾಜಿಯ ಕಿಡ್ನಿ ಕೈಕೊಟ್ಟು, ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದಿದ್ದರು. ಸೋಂಕು ತಗಲೀತು, ಹದಿನೈದು ದಿನ ಯಾರನ್ನೂ ಒಳಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆಂದು ಗೆಳೆಯ ಫೋನು ಮಾಡಿದ.

ಆ ಮಾತು ನಿಜವೇ ಇತ್ತು. ಆದ್ದರಿಂದ ಟ್ಯಾಂಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ, ಗೇಟಿನ ಹತ್ತಿರವೇ ಅವನ ಕೈಗೆ ಕೊಟ್ಟೆ.

"ನಾನು ಕೊಡ್ತೀನಿ ಬುಡು. ಏನಂತ ಹೇಳ್ಲಿ?" ಎಂದ.

"ಏನೂ ಹೇಳ್ಬೇಡ. ಕೈಗೆ ಕೊಡು ಸಾಕು, ಅವ್ರಿಗೇ ಗೊತ್ತಾಗುತ್ತೆ" ಎಂದೆ. ನನ್ನ ಜಂಭ ನೋಡಿ.

ಮಾರನೆಯ ದಿನ ಫೋನು ಮಾಡಿ ಕೇಳಿದೆ. ಅಪ್ಪಾಜಿಗೆ ಬಹಳ ಖುಷಿಯಾಯಿತು, ತಡವಿಕೊಂಡೇ ಇದ್ದರು ಎಂದ. ಏನಾದರೂ ಅಂದರಾ ಎಂದರೆ, "ಈ ಸ್ಥಿತೀಲಿ ಏನಂತಾರೆ ಕಣೋ" ಎಂದ. ಹದಿನೈದು ದಿನ ಕಳೆದ ಮೇಲೆ ಹೋದೆ. ಗೇಟಿನಲ್ಲೇ ತುಟಿಗೆ ಬೆರಳಿಟ್ಟು, ಈಗ ತಾನೇ ಮಲಗಿದರು ಎಂದ. ನಾನು ದನಿ ತಗ್ಗಿಸಿ ನಾಲ್ಕು ಮಾತಾಡಿ ಬಂದೆ. ಮುಂದಿನ ವಾರ ಹೋದರೆ ಡಾಕ್ಟರು ಇನ್ನೂ ಬೇಡವೆಂದಿದ್ದಾರೆ ಎಂದ. ಅದರ ಮುಂದಿನ ಸಲ ಜ್ವರ. ನಾಲ್ಕನೇ ಸಲ ಮತ್ತೆ ನಿದ್ದೆ. ಪಾಪ, ನೋಡಿಕೊಂಡು ನೋಡಿಕೊಂಡು ಸೋತಿದ್ದಾನೆ ಎಂದು ಅವನ ಬೆನ್ನು ತಟ್ಟಿ ಹಿಂತಿರುಗಿದೆ. ಐದನೇ ಸಲ ಹೋದಾಗ ಅಪ್ಪಾಜಿಯನ್ನು ಜಗಲಿಯ ಮೇಲೆ ಮಲಗಿಸಿದ್ದರು. ಹೆಗಲು ಕೊಟ್ಟು ಬಂದೆ. ಅಮ್ಮ, ಅಂದರೆ ಗೆಳೆಯನ ತಾಯಿ, ನನ್ನ ಮುಖ ನೋಡಲಿಲ್ಲ. ದುಃಖದಲ್ಲಿ ಯಾರ ಮುಖ ತಾನೇ ಕಾಣುತ್ತದೆ ಅಂದುಕೊಂಡೆ.

ಆ ವರ್ಷ ಅವರ ಮನೆಯಲ್ಲಿ ಹಬ್ಬ ಬಿಟ್ಟರು. ವರ್ಷದ ತಿಥಿ ಮುಗಿದ ಮೇಲೆ ಬಂದ ದಸರಾದಲ್ಲಿ ಅಮ್ಮ ಮತ್ತೆ ಗೊಂಬೆ ಕೂರಿಸಿದರು. ಹೆಂಡತಿಗೆ ಹುಷಾರಿಲ್ಲದ್ದರಿಂದ ನಾನೊಬ್ಬನೇ ಸಂಜೆ ಗೊಂಬೆ ನೋಡಲು ಹೋದೆ. ಗೆಳೆಯ ಹೂವು ತರಲು ಹೋಗಿದ್ದ. ಅಕ್ಕಪಕ್ಕದ ಮನೆಯ ನಾಲ್ಕೈದು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅದರ ಕೆಳಗಿನ ಮೆಟ್ಟಿಲಲ್ಲಿ, ನಟ್ಟನಡುವೆ, ನನ್ನ ಟ್ಯಾಂಕು. ಕಂಡ ಕೂಡಲೇ ಎದೆ ತುಂಬಿ ಬಂತು. ಎಷ್ಟು ಮರ್ಯಾದೆಯಿಂದ ಇಟ್ಟಿದ್ದಾರೆ ಅನ್ನಿಸಿತು.

ಒಬ್ಬ ಹೆಂಗಸು, ಇದೇನು ಗೊಂಬೆಗಳ ಮಧ್ಯೆ ಟ್ಯಾಂಕು ಎಂದು ಕೇಳಿದರು.

"ನನ್ ಮಗ ಮಾಡಿದ್ದು ಕಣ್ರೀ" ಎಂದರು ಅಮ್ಮ. "ಅವರಪ್ಪಂಗೇಂತ ಕೈಯಾರ ಮಾಡ್ದ. ಅದನ್ನ ಪಕ್ಕದಲ್ಲಿಟ್ಕೊಂಡೇ ಪ್ರಾಣ ಬಿಟ್ರು ಅವ್ರು."

ಅಮ್ಮ ನನ್ನ ಕಡೆ ತಿರುಗದೆ ಒಳಗೆ ಹೋದರು. ಎತ್ತಿ ತೋರಿಸೋಣವೆಂದರೆ ಅಡಿಯ ಹಲಗೆಯ ಕೆಳಗೆ ಇದ್ದದ್ದು ಅಪ್ಪಾಜಿಯ ಹೆಸರೊಂದೇ. ಎಂಟು ತಿಂಗಳ ಕೆಲಸದಲ್ಲಿ ನಾನು ಎಲ್ಲೂ ಇರಲಿಲ್ಲ. ಹೆಂಗಸರು ಬಾಗಿನದ ಪೊಟ್ಟಣ ಹಿಡಿದು ಹೊರಡುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಅವರು ಹೋದ ಮೇಲೆ ಅಮ್ಮ ಟ್ಯಾಂಕನ್ನು ತಂದು ನನ್ನ ಮಡಿಲಲ್ಲಿಟ್ಟರು. ಅದರ ನಳಿಗೆ ಬುಡದಲ್ಲಿ ಕಿತ್ತು ಬಂದಿತ್ತು; ಸುಮ್ಮನೆ ಸಿಕ್ಕಿಸಿಟ್ಟಿದ್ದರು.

"ತಗೊಂಡೋಗಿ ಸರಿಮಾಡ್ಕೊಂಡ್ ಬಾ ಮಗ" ಎಂದರು. ಆಮೇಲೆ, ಸೆರಗಿನ ತುದಿ ಮಡಚುತ್ತ, "ಅವ್ರು ನಿನ್ನ ಕೇಳ್ತಾನೇ ಇದ್ರು ಕಣಪ್ಪ" ಎಂದರು. "ಮೊದ್ಲು ಇದನ್ನ ಸುಮ್ನೆ ಎದೆ ಮೇಲೆ ಇಟ್ಕೊಳೋರು. ಒಂದಿನ ಎಡಗಡೆ ಮೂರ್ನೇ ಚಕ್ರಾನ ತಡವ್ತಾ ತಡವ್ತಾ ನಕ್ಬುಟ್ರು. ಆವತ್ತಿಂದ ಶುರು. ಅವ್ನು ಬಂದ್ನಾ, ಅವ್ನು ಬಂದ್ನಾ ಅಂತ."

"ಅದಕ್ಕೆ ನಿಮ್ಮ ಮಗ ಏನಂದ?"

"ಡ್ಯೂಟಿ ಜಾಸ್ತಿಯಂತೆ, ಬರಕ್ಕಾಗಲ್ವಂತೆ ಅಂದ."

ಆ ಚಕ್ರದ ವಿಷಯ ಹೇಳಬೇಕು. ಒಮ್ಮೆ ಮರಳುಗಾಡಿನಲ್ಲಿ, ಬೆಳಗಾದರೆ ಗಾಡಿ ಹೊರಡಬೇಕು ಎನ್ನುವಾಗ, ಅಪ್ಪಾಜಿ ಎಡಗಡೆಯ ಮೂರನೇ ಚಕ್ರವನ್ನು ಒಂದು ಬೋಲ್ಟು ಕಡಿಮೆ ಹಾಕಿ ಬಿಗಿದು ಕಳಿಸಿಬಿಟ್ಟಿದ್ದರು. ಏನೂ ಆಗಲಿಲ್ಲ. ಆದರೂ ಅದು ತಪ್ಪು, ಮೇಲಿನವರಿಗೆ ಗೊತ್ತಾಗಿದ್ದರೆ ತೋಳಿನ ಪಟ್ಟಿ ಕಿತ್ತುಕೊಳ್ಳುತ್ತಿದ್ದರು. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಒಂದು ಭಾನುವಾರ ನನಗೊಬ್ಬನಿಗೆ ಹೇಳಿ, ಬಾಯಿ ಬಿಟ್ಟೀಯ ಹುಷಾರು ಎಂದಿದ್ದರು. ನಾನು ಬಾಯಿ ಬಿಡಲಿಲ್ಲ. ನನ್ನ ಟ್ಯಾಂಕಿನ ಅದೇ ಚಕ್ರದಲ್ಲಿ ಮಾತ್ರ, ಸಾಸಿವೆಯಷ್ಟು ದಪ್ಪದ ಒಂದು ಬೋಲ್ಟಿನ ತಲೆಯನ್ನು ಅಂಟಿಸದೆ ಬಿಟ್ಟಿದ್ದೆ.

ಅಂದರೆ ಅವರಿಗೆ ಗೊತ್ತಾಗಿತ್ತು. ಯಾರ ಕೆಲಸವೆಂದು ಬೆರಳಿಗೇ ಗೊತ್ತಾಗಿತ್ತು. ಗೊತ್ತಾದ ಮೇಲೆ ನಾನು ಬರುತ್ತೇನೆಂದು ಕಾದಿದ್ದರು, ನನಗೆ ಡ್ಯೂಟಿ ಜಾಸ್ತಿಯಾಗಿತ್ತು.

ಟ್ಯಾಂಕು ಎತ್ತಿಕೊಂಡು ಹೊರಗೆ ಬಂದೆ. ಗೇಟಿನಲ್ಲಿ ಗೆಳೆಯ ಎದುರಾದ, ಕೈಯಲ್ಲಿ ಸೇವಂತಿಗೆಯ ಪೊಟ್ಟಣ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವನ ಮುಖ ಇಳಿದುಹೋಯಿತು.

"ನೀನ್ ಮಾಡಿದ್ದಂತೆ" ಎಂದೆ.

ಅವನು ಸುಳ್ಳು ಹೇಳಲಿಲ್ಲ. "ಕೈಗೆ ಕೊಟ್ಟಾಗ ಯಾರ್ ಮಾಡಿದ್ದು ಅಂದ್ರು. ನಾನೇ ಅಂತ ಬಾಯಿಗೆ ಬಂದ್ಬುಡ್ತು. ಭೇಷ್ ಮಗನೆ ಅಂದ್ರು ಕಣೋ. ಹುಟ್ಟಿದಾಗಿಂದ ಒಂದ್ಸಲ ಅಂದಿರ್ಲಿಲ್ಲ. ಆಮೇಲೆ ಎಂಗೆ ವಾಪಸ್ ತಗೊಳ್ಳಿ ಹೇಳು."

ನಾನು ಮೂವತ್ತು ವರ್ಷ ಕಾದ ಮಾತು ಅದು. ಅದು ಅವನ ಬಾಯಿಂದ ನನಗೆ ತಲುಪಿತು, ಅವನದಾಗಿ.

"ಆ ಮಾತು ನೀನೇ ಇಟ್ಕೊ. ನನ್ನನ್ನ ಯಾಕೆ ಗೇಟಿಂದ ವಾಪಸ್ ಕಳಿಸ್ದೆ?"

"ಒಳಗ್ ಬಂದಿದ್ರೆ ಹೇಳ್ಬುಡ್ತಿದ್ದೆ ನೀನು."

ನಾಲ್ಕು ಸಲದ ನಿದ್ದೆ, ಜ್ವರ, ಡಾಕ್ಟರು ಎಲ್ಲ ಅಷ್ಟಕ್ಕೇ. ಹೇಳುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳಬೇಕೆನ್ನಿಸಿತು. ನಿಜ ಹೇಳಬೇಕೆಂದರೆ ನನಗೇ ಗೊತ್ತಿಲ್ಲ. ಆದರೆ ನಲವತ್ತು ವರ್ಷದ ಗೆಳೆಯ ನನ್ನನ್ನು ಕೇಳಬಹುದಿತ್ತು. ಹೀಗಾಗಿಬಿಟ್ಟಿದೆ ಕಣೋ, ಮಾನ ಉಳಿಸು ಎಂದಿದ್ದರೆ, ಒಳಗೆ ಹೋಗಿ ಅವರ ಕೈ ಹಿಡಿದುಕೊಂಡು ಸುಮ್ಮನೆ ಕೂತು ಬರುತ್ತಿದ್ದೆ. ಅವನು ನನ್ನನ್ನು ಅಷ್ಟೂ ನಂಬಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನ ಬೆರಳುಗಳ ಬಗ್ಗೆ ಅವನಪ್ಪ ಹೇಳುತ್ತಿದ್ದ ಮಾತನ್ನೂ ಅಂದೆ. ಅವನು ಹೂವಿನ ಪೊಟ್ಟಣ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

ನಳಿಗೆ ಅಂಟಿಸಲು ಹತ್ತು ನಿಮಿಷ ಸಾಕಾಯಿತು. ವಾಪಸ್ಸು ಕೊಡಲು ಮನಸ್ಸು ಬರಲು ಹತ್ತು ದಿನ ಬೇಕಾಯಿತು. ಅವನು ಆಫೀಸಿನಲ್ಲಿರುವ ಹೊತ್ತು ನೋಡಿಕೊಂಡು, ಒಂದು ಮಧ್ಯಾಹ್ನ ಹೋದೆ. ಗೊಂಬೆಗಳನ್ನೆಲ್ಲ ಹಳೇ ಸೀರೆಗಳಲ್ಲಿ ಸುತ್ತಿ ಟ್ರಂಕಿಗೆ ತುಂಬಿಯಾಗಿತ್ತು. ಅಮ್ಮ ಒಬ್ಬರೇ ಇದ್ದರು. ಟ್ಯಾಂಕನ್ನು ಕೊಟ್ಟು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

"ಅಮ್ಮ, ಇದನ್ನ ಯಾರ್ ಮಾಡಿದ್ದು ಅನ್ನೋದು ಹಾಳಾಗ್ಲಿ. ಆದ್ರೆ ನಾನು ಬಂದಿದ್ದೆ. ನಾಕು ಸಲ ಬಂದಿದ್ದೆ. ಇದೊಂದು ನಿಮಗೆ ಗೊತ್ತಿರ್ಲಿ."

"ಗೊತ್ತು ಕಣಪ್ಪ" ಎಂದರು. "ನಾಕು ಸಲಾನೂ ನೋಡಿದ್ದೆ. ನೀನು ಪೆಟ್ಟಿಗೆ ಕೊಟ್ಟಿದ್ದನ್ನೂ ನೋಡಿದ್ದೆ."

ಈ ಮನೆಯಲ್ಲಿ ನಾನು ಉಂಡಿರುವ ಅನ್ನಕ್ಕೆ ಮಿತಿಯಿಲ್ಲ, ಎಲ್ಲ ಇವರೇ ಬಡಿಸಿದ್ದು. "ಮತ್ತೆ ಅವ್ರಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನಿನಗೆ ಅವ್ರು ಮೂವತ್ತು ವರ್ಷ ಸಿಕ್ಕಿದ್ರು ಮಗ. ನನ್ ಮಗಂಗೆ ಆ ಎರಡು ತಿಂಗಳಾದ್ರೂ ಸಿಗ್ಲಿ ಅಂದ್ಕೊಂಡೆ. ತಪ್ಪಾಯ್ತು."

ಅಪ್ಪಾಜಿಯ ಮಂಚ ಎಲ್ಲಿ ಹಾಕಿದ್ದಿರಿ ಎಂದು ಕೇಳಿದೆ. ಅಮ್ಮ ಬೀದಿ ಕಡೆಯ ಕಿಟಕಿಯನ್ನು ತೋರಿಸಿದರು. ಅದರ ಪಕ್ಕದಲ್ಲೇ. ಅಲ್ಲಿಂದ ಗೇಟಿಗೆ ಹತ್ತು ಹೆಜ್ಜೆಯೂ ಇಲ್ಲ.

"ನಿದ್ದೆ ಎಲ್ ಬರ್ತಿತ್ತು ಅವ್ರಿಗೆ, ಎಚ್ಚರವಾಗೇ ಇರೋರು" ಎಂದರು. "ಗೇಟು ಸದ್ದಾದ್ರೆ ಯಾರು ಬಂದಿರೋದು ಅಂತ ಕೇಳೋರು. ಹಾಲಿನೋನು ಅಂತಿದ್ದೆ."

ಹಾಗೆಂದ ಮೇಲೆ ಅವರು ಇನ್ನೇನೂ ಕೇಳಿರಲಾರರು. ಹಾಲಿನವನನ್ನು ಯಾರು ಒಳಗೆ ಕರೆಯುತ್ತಾರೆ.